ಯಾವಾಗ ಬರೋದಿಲ್ಲ, ಅದನ್ನು ಹೇಳಿ

ಅವರ ಬಲಗಿವಿಯ ಮುಂದೆ, ಕೆನ್ನೆಯ ಎಲುಬು ಶುರುವಾಗುವಲ್ಲಿ, ರೂಪಾಯಿ ನಾಣ್ಯದಷ್ಟು ಅಗಲದ ಒಂದು ಕಪ್ಪು ಕಲೆಯಿತ್ತು. ಮಚ್ಚೆಯಲ್ಲ, ಗಾಯವೂ ಅಲ್ಲ. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ತಾಗಿಸಿ, ಅದರ ಹಿಡಿಯನ್ನು ಕಿವಿಯ ಬುಡಕ್ಕೆ ಒತ್ತಿಕೊಂಡು ನಲವತ್ತು ವರ್ಷ ಕೇಳಿದ್ದರ ಗುರುತು ಅದು. ಗ್ರೀಸು ಚರ್ಮದೊಳಗೇ ಇಳಿದುಬಿಟ್ಟಿತ್ತು. ಭಾನುವಾರ ಇಗರ್ಜಿಗೆ ಹೊರಡುವ ಮೊದಲು ಅವರ ಹೆಂಡತಿ ತೆಂಗಿನ ನಾರು, ಸಾಬೂನು ಹಿಡಿದು ತಿಕ್ಕಿ ತಿಕ್ಕಿ ಸೋತಿದ್ದರಂತೆ. "ಬಿಡು, ಅದು ನನ್ನ ಲೈಸೆನ್ಸು" ಅಂತ ಇವರು ನಗುತ್ತಿದ್ದರಂತೆ.

ಕೊಚ್ಚಿಯ ಮೆಟ್ರೋ ಕೊನೆಯಾಗುವ ಆಲುವದಲ್ಲಿ, ಹೊಳೆಗೆ ಇಳಿಯುವ ಒಂದು ಓಣಿಯ ತುದಿಗೆ ಅವರ ವರ್ಕ್‌ಶಾಪು. ತಗಡಿನ ಮಾಡು, ಗಿರಾಕಿಗಳಿಗೆ ಒಂದು ಮರದ ಬೆಂಚು, ಗೋಡೆಯಲ್ಲಿ ಯೇಸುವಿನ ಪಟ, ಅದರ ಕೆಳಗೆ ಒಂದು ಚಿಕ್ಕ ಕೆಂಪು ಬಲ್ಬು. ಹೆಸರಿನ ಬೋರ್ಡೇ ಇಲ್ಲ. ಓಣಿಯ ಬಾಯಲ್ಲಿ ನಿಂತು "ಆಶಾನ್" ಎಂದರೆ ಸಾಕು, ಯಾರಾದರೂ ಕೈ ತೋರಿಸುತ್ತಿದ್ದರು. ಕೈಕೆಲಸ ಕಲಿಸುವ ಗುರುವನ್ನು ಇಲ್ಲಿಯವರು ಹಾಗೆ ಕರೆಯುವುದು. ನನಗೂ ಅವರು ಕೊನೆಯವರೆಗೆ ಆಶಾನೇ.

ಅವರಿಗೆ ನಾನು ಟೀಚರ್. ನಾನು ಟೀಚರಲ್ಲ ಅಂತ ಮೊದಲನೇ ದಿನವೇ ಮೂರು ಸಲ ಹೇಳಿದ್ದೇನೆ. ನನ್ನದು ಕೊಚ್ಚಿಯಲ್ಲಿ ಅನುವಾದದ ಕೆಲಸ. ಕಾಸರಗೋಡು ಕಡೆಯ ಮೊಕದ್ದಮೆಗಳು ಮೇಲಿನ ಕೋರ್ಟಿಗೆ ಬರುವಾಗ ಜೊತೆಗೆ ಹಳೇ ಕನ್ನಡ ಕಾಗದಗಳೂ ಬರುತ್ತವೆ, ಪಾಲುಪಟ್ಟಿ, ಮರಣಶಾಸನ, ಅಣ್ಣತಮ್ಮಂದಿರು ಬೈದುಕೊಂಡ ಪತ್ರ. ಅದನ್ನೆಲ್ಲ ಮಲಯಾಳಕ್ಕೂ ಇಂಗ್ಲಿಷಿಗೂ ತಿರುಗಿಸಿ ಕೊಡುವವಳು ನಾನು. ಇಷ್ಟನ್ನು ವಿವರಿಸಿದ ಮೇಲೆ ಆಶಾನ್ ಗಂಭೀರವಾಗಿ ತಲೆಯಾಡಿಸಿ, "ಸರಿ ಟೀಚರೇ" ಎಂದರು. ಕನ್ನಡಕ ಹಾಕಿದ, ಸೀರೆ ಉಟ್ಟ, ಸಿಡುಕು ಮೋರೆಯ ಹೆಂಗಸು ಬೇರೆ ಏನಾಗಿರಲು ಸಾಧ್ಯ? ಅವರು ಮಾತಾಡಿದ್ದು ಪೂರ್ತಿ ಮಲಯಾಳದಲ್ಲೇ. ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ಕನ್ನಡದಲ್ಲಿ. ಕೆಲಸದ ಚಾಳಿ, ಎಂತ ಮಾಡುವುದು.

ನಾನು ಕಾರು ಕಲಿತದ್ದು ನಲವತ್ತೆರಡನೇ ವಯಸ್ಸಿಗೆ. ನಮ್ಮವರಿಗೆ ತಿರುವನಂತಪುರದಲ್ಲಿ ಸರಕಾರಿ ಕೆಲಸ. ನಾನು ಮತ್ತು ಮಗಳು ಕಾಕ್ಕನಾಡಿನ ಫ್ಲ್ಯಾಟಿನಲ್ಲಿ. ಶನಿವಾರ ಬಂತೆಂದರೆ ರೈಲಿನ ಟಿಕೇಟಿಗೆ ಪರದಾಟ. ಒಂದು ದಿನ ರೈಲಿನ ಬಾಗಿಲ ಹತ್ತಿರ, ಒಂದು ಕೈಯಲ್ಲಿ ಮಗಳು, ಇನ್ನೊಂದು ಕೈಯಲ್ಲಿ ಚೀಲ ಹಿಡಿದು ಕೊಲ್ಲಂ ತನಕ ನಿಂತೆ ನೋಡಿ, ಆವತ್ತೇ ನಿಶ್ಚಯ ಮಾಡಿದೆ, ಇನ್ನು ಸಾಕು, ನನ್ನ ಹೊತ್ತಿಗೆ ನಾನು ಹೊರಡಬೇಕು. ಡ್ರೈವಿಂಗ್ ಕಲಿತೆ. ಒಬ್ಬ ಡಾಕ್ಟರು ಓಡಿಸಿ ಬಿಟ್ಟ ಬಿಳಿ ಬಣ್ಣದ ಸಣ್ಣ ಕಾರನ್ನು ಕೊಂಡೆ. ಊರಿಗೆ ಒಯ್ದು ದೇವಸ್ಥಾನದಲ್ಲಿ ಪೂಜೆಯನ್ನೂ ಮಾಡಿಸಿದೆವು. ಆಮೇಲಿನ ಎಂಟು ತಿಂಗಳು ನಾನು ಮಹಾರಾಣಿ. ಮಗಳನ್ನು ಹಿಂದೆ ಕೂರಿಸಿ, ಆಲಪ್ಪುಳದಲ್ಲಿ ಚಾಯ ಕುಡಿದು, ಹೆದ್ದಾರಿ ಅಗಲ ಮಾಡುವವರ ಧೂಳನ್ನೆಲ್ಲ ನುಂಗಿ ತಿರುವನಂತಪುರಕ್ಕೆ ಹೋಗುತ್ತಿದ್ದೆ. ಹೋಗುವಾಗ ಅರ್ಧ ದಾರಿ ನಮ್ಮವರು ಬಸ್ಸಿನಲ್ಲಿ ಬಂದು ಕೊಲ್ಲಂನಲ್ಲಿ ಸ್ಟಿಯರಿಂಗ್ ಹಿಡಿಯುತ್ತಿದ್ದರು, ವಾಪಸು ಬರುವಾಗಲೂ ಕೊಲ್ಲಂ ತನಕ ಅವರೇ ತಂದು ಬಿಡುತ್ತಿದ್ದರು ಅನ್ನುವುದನ್ನು ಮುಚ್ಚಿಡಬಾರದು. ಪೂರ್ತಿ ದಾರಿ ಒಬ್ಬಳೇ ಓಡಿಸುವುದು ಇನ್ನೂ ಬಾಕಿಯಿತ್ತು.

ಒಂಬತ್ತನೇ ತಿಂಗಳಿಗೆ ಶಬ್ದ ಶುರುವಾಯಿತು. ಡೊಕ್. ರಸ್ತೆಯ ಗುಂಡಿಗೆ ಇಳಿದರೆ ಡೊಕ್, ಹಂಪು ಹತ್ತಿ ಇಳಿದರೆ ಡೊಕ್ ಡೊಕ್. ಯಾರೋ ಹಿಂದಿನಿಂದ ಬೆರಳ ಗೆಣ್ಣಿನಲ್ಲಿ ಕಾರಿನ ಬಾಗಿಲು ತಟ್ಟಿದ ಹಾಗೆ. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲೇ ಉತ್ತರ ಕೊಡುವ ನನ್ನ ಮಗಳು, "ಅಮ್ಮೇ, ದೇ ಪಿನ್ನೇಂ" ಅನ್ನುವಳು. ಅಮ್ಮಾ, ಇಗೋ ಮತ್ತೆ!

ಸರ್ವಿಸ್ ಸೆಂಟರಿಗೆ ಒಯ್ದೆ. ಅವರು ಚಕ್ರದ ಹತ್ತಿರದ ಯಾವುದೋ ಕಡ್ಡಿ ಬದಲಿಸಿದರು. ಡೊಕ್. ಎರಡನೇ ಸಲ ಹಿಂದಿನ ಶಾಕ್ ಅಬ್ಸಾರ್ಬರು ಹೊಸತು ಹಾಕಿದರು. ಡೊಕ್. ಮೂರನೇ ಸಲ ನಾಲ್ಕು ಜನ ಸೇರಿ ಕಾರನ್ನು ಮೇಲಕ್ಕೆತ್ತಿ, ಕುಲುಕಿ, ಡಿಕ್ಕಿಯ ಹಾಸು ಕಿತ್ತು, ಸ್ಟೆಪ್ನಿ ಟೈರನ್ನೂ ತೆಗೆದು ನೋಡಿ, "ಎಲ್ಲ ಗಟ್ಟಿ ಉಂಟು ಮೇಡಂ" ಅಂತ ಕೈಚೆಲ್ಲಿದರು. ಅವರೇನೂ ಮೋಸದವರಲ್ಲ. ಅವರಿಗೆ ಸಿಗಲಿಲ್ಲ, ಅಷ್ಟೇ.

ಆಮೇಲೆ ಆ ಶನಿವಾರ ಬಂತು. ಆಲಪ್ಪುಳ ದಾಟಿ, ಹೆದ್ದಾರಿಯನ್ನು ಅಗೆದು ಹಾಕಿದ ಜಾಗ. ಹಿಂದೆ ಒಂದು ಕಂಟೇನರ್ ಲಾರಿ ಹಾರ್ನು ಹಾಕುತ್ತ ಬರುತ್ತಿದೆ, ಇತ್ತ ಡೊಕ್ ಡೊಕ್ ಡೊಕ್ ನಿಲ್ಲುವುದೇ ಇಲ್ಲ. ಚಕ್ರ ಕಳಚಿಯೇ ಹೋಯಿತು ಅಂತ ನನಗೆ ಖಾತ್ರಿಯಾಯಿತು. ಬದಿಗೆ ತಂದು ನಿಲ್ಲಿಸಿದವಳು ಮತ್ತೆ ಕೀಲಿ ತಿರುಗಿಸಲಾಗದೆ ಹಾಗೇ ಕೂತೆ. ಹೆದರಿ ಮಗಳೂ ಅತ್ತಳು. ನಮ್ಮವರು ಸಿಕ್ಕಿದ ಬಸ್ಸು ಹತ್ತಿ ಅಲ್ಲಿಗೆ ಬರುವಷ್ಟರಲ್ಲಿ ಮೂರು ತಾಸು.

ಅವರು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಬಹಳ ಮೆತ್ತಗೆ ಹೇಳಿದರು: "ಮಾರಿಬಿಡುವ ಮಾರಾಯ್ತಿ. ರೈಲು ಉಂಟು, ಬಸ್ಸು ಉಂಟು. ಒಬ್ಬಳೇ ಇಷ್ಟು ದೂರ ಓಡಿಸೋದು ನಿನ್ನಿಂದ ಆಗುವ ಕೆಲಸ ಅಲ್ಲ."

ಆ ಕೊನೆಯ ಮಾತು ನನ್ನನ್ನು ತಿಂದು ಹಾಕಿತು. ಯಾಕೆಂದರೆ ಅದು ನಿಜವಿರಬಹುದು ಅಂತ ನನಗೇ ಅನಿಸಿತ್ತು. ಎರಡು ತಿಂಗಳು ಕಾರು ಫ್ಲ್ಯಾಟಿನ ಕೆಳಗೆ ಧೂಳು ತಿನ್ನುತ್ತ ನಿಂತಿತು. ಅವರ ಆಫೀಸಿನ ಒಬ್ಬರ ಭಾವ ಕೊಳ್ಳುತ್ತೇನೆಂದರು, ಬರುವ ತಿಂಗಳ ಎರಡನೇ ಭಾನುವಾರ ಬಂದು ನೋಡುವುದೆಂದೂ ಆಯಿತು. ಕಾರು ಹೋದರೆ ಹೋಗಲಿ, ಲೋಹದ ಡಬ್ಬಿ. ಆದರೆ ಅದು ಹೋದ ಮೇಲೆ ನಾನು ಇನ್ನೊಮ್ಮೆ ಸ್ಟಿಯರಿಂಗ್ ಮುಟ್ಟುವವಳಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

ಆ ದಿನಗಳಲ್ಲೇ ಒಬ್ಬ ಆಟೋದವನ ಹತ್ತಿರ ನನ್ನ ಗೋಳು ಹೇಳಿಕೊಂಡಾಗ ಅವನು, "ಆಲುವದ ಆಶಾನ್ ಹತ್ತಿರ ಹೋಗಿ ಚೇಚಿ. ಅವರು ರಿಪೇರಿ ಮಾಡೋದು ಆಮೇಲೆ, ಮೊದಲು ಕೇಳ್ತಾರೆ" ಎಂದ. ಚೇಚಿ ಅಂದರೆ ಇಲ್ಲಿ ಅಕ್ಕ. ಮರುದಿನವೇ ರಜೆ ಹಾಕಿ ಮೆಟ್ರೋ ಹತ್ತಿದೆ. ಬರಿಗೈಯಲ್ಲಿ ಹೋದೆ, ಕಾರು ತರುವ ಧೈರ್ಯ ಎಲ್ಲಿತ್ತು?

ಮಡಚಿ ಕಟ್ಟಿದ ಲುಂಗಿ, ತೂತು ಬನಿಯನ್ನು, ಕೈಯಲ್ಲಿ ಹಾಲಿಲ್ಲದ ಚಹಾದ ಗ್ಲಾಸು. ಅರವತ್ತೈದು ದಾಟಿದ ಸಣಕಲು ಜೀವ.

"ಗಾಡಿ ತರ್ಲಿಲ್ಲ" ಎಂದೆ.

"ಒಳ್ಳೇದಾಯ್ತು. ಗಾಡಿ ಇದ್ರೆ ಜನ ಅದರ ಕಡೆ ಬೆರಳು ತೋರಿಸ್ತಾರೆ, ಮಾತಾಡೋದಿಲ್ಲ. ಶಬ್ದ ಹೇಗೆ ಬರ್ತದೆ, ನೀವೇ ಮಾಡಿ ತೋರಿಸಿ."

"ನಾನಾ?"

"ಮತ್ತೆ ನಾನಾ? ಕೇಳಿದ್ದು ನೀವಲ್ವಾ!"

ಬೆಂಚಿನ ಮೇಲೆ ಇಬ್ಬರು ಗಿರಾಕಿಗಳು ಕೂತಿದ್ದರು. ಕೋರ್ಟಿನ ಕಾಗದಪತ್ರಗಳಿಗೆ ಮರ್ಯಾದೆಯಿಂದ ಸಹಿ ಹಾಕುವ ನಾನು ಅವರೆದುರು ಬಾಯಿ ಮುಂದೆ ಮಾಡಿ "ಡೊಕ್, ಡೊಕ್" ಎಂದೆ. ಯಾರೂ ನಗಲಿಲ್ಲ. ಅಲ್ಲಿ ಅದು ದಿನದ ವ್ಯವಹಾರವಂತೆ. ಬೆಂಚಿನ ಮೇಲಿದ್ದ ಮೀಸೆಯ ಯಜಮಾನರೊಬ್ಬರು ಸ್ವಲ್ಪ ಮೊದಲು "ಕ್ರೀಂಯ್" ಎಂದಿದ್ದರು ಅಂತ ಆಮೇಲೆ ತಿಳಿಯಿತು.

ಆಶಾನ್ ಎದ್ದು ಸ್ಪ್ಯಾನರಿನಿಂದ ಒಂದು ಕಬ್ಬಿಣದ ಡ್ರಮ್ಮನ್ನು ತಟ್ಟಿದರು. "ಇದಾ?" ಅಲ್ಲ. ರಬ್ಬರು ಸುತ್ತಿದ ಕೊಳವೆ ತಟ್ಟಿದರು. "ಇದಾ?" ಅಲ್ಲವೇ ಅಲ್ಲ. ಪ್ಲಾಸ್ಟಿಕ್ ಬಕೆಟು, ತಗಡು, ಟೈರು, ಒಂದೊಂದನ್ನೂ ತಟ್ಟುವುದು, ನನ್ನ ಮುಖ ನೋಡುವುದು. ಕೊನೆಗೆ ಬೆಂಚಿನ ಮರದ ಕಾಲಿಗೆ ಸುತ್ತಿಗೆಯ ಮರದ ಹಿಡಿಯಲ್ಲಿ ಮೆಲ್ಲಗೆ ಹೊಡೆದಾಗ ನಾನು, "ಹಾಂ! ಹೆಚ್ಚುಕಡಿಮೆ ಇದೇ" ಎಂದು ಕೂಗಿದೆ.

ಅವರು ಹುಬ್ಬು ಗಂಟಿಕ್ಕಿದರು. "ಕಬ್ಬಿಣ ಅಲ್ಲ. ಕಾರಿನಲ್ಲಿ ಮರ ಎಲ್ಲಿಂದ ಬಂತಪ್ಪ?" ಅಂತ ತಮ್ಮಷ್ಟಕ್ಕೇ ಹೇಳಿಕೊಂಡು, ನನ್ನ ಕಡೆ ತಿರುಗಿ ಅವರ ಪ್ರಸಿದ್ಧ ಪ್ರಶ್ನೆ ಕೇಳಿದರು. "ಯಾವಾಗ ಬರ್ತದೆ ಅಂತ ಎಲ್ಲರೂ ಹೇಳ್ತಾರೆ. ಯಾವಾಗ ಬರೋದಿಲ್ಲ, ಅದನ್ನು ಹೇಳಿ. ಈಗ ಬೇಡ. ಮನೆಗೆ ಹೋಗಿ ನೆನಪು ಮಾಡಿ, ಬರ್ಕೊಂಡು ಬನ್ನಿ."

ನನಗೆ ಸಿಟ್ಟೇ ಬಂತು. ರಜೆ ಹಾಕಿ ಬಂದವಳಿಗೆ ಹೋಮ್‌ವರ್ಕಾ! ಆದರೂ ಮನೆಗೆ ಬಂದು ಕೂತು ಬರೆದೆ. ಬರೆಯುವುದು ಕಷ್ಟವಾಯಿತು. ಕಾಟ ಕೊಟ್ಟದ್ದು ನೆನಪಿರುತ್ತದೆ, ಕಾಟ ಕೊಡದೆ ಸುಮ್ಮನಿದ್ದ ಹೊತ್ತು ಯಾರಿಗೆ ನೆನಪು? ಎರಡು ದಿನ ತಲೆ ಕೆರೆದುಕೊಂಡು ಒಂದು ಹಾಳೆ ತುಂಬಿಸಿ ಮತ್ತೆ ಆಲುವಕ್ಕೆ ಹೋಗಿ ಓದಿ ಹೇಳಿದೆ. ನಿಂತಲ್ಲಿ ಎಂಜಿನ್ನು ಎಷ್ಟು ಕಿರುಚಿಸಿದರೂ ಬರುವುದಿಲ್ಲ. ನಯವಾದ ರಸ್ತೆಯಲ್ಲಿ ಬರುವುದಿಲ್ಲ. ಕಾರು ಕೊಂಡ ಮೊದಲ ಎಂಟು ತಿಂಗಳು ಬರಲಿಲ್ಲ. ನಮ್ಮವರು ಓಡಿಸಿಕೊಂಡು ಕಾಸರಗೋಡಿನ ತಾಯಿಮನೆಗೆ ಹೋಗುವಾಗ ಬರುತ್ತದೆ, ಅಲ್ಲಿಂದ ವಾಪಸು ಬರುವಾಗ ಬರುವುದಿಲ್ಲ.

ಆಶಾನ್ ಗ್ಲಾಸನ್ನು ಕೆಳಗಿಟ್ಟರು. "ವಾಪಸು ಬರುವಾಗ ಏನು ವ್ಯತ್ಯಾಸ?"

"ತಾಯಿಮನೆಯಿಂದ ಖಾಲಿ ಡಿಕ್ಕಿಯಲ್ಲಿ ಯಾರು ಬರ್ತಾರೆ ಆಶಾನೇ? ಹಲಸಿನ ಹಣ್ಣು, ಅಕ್ಕಿ, ಹಪ್ಪಳ, ಬಾಳೆಗೊನೆ, ಉಪ್ಪಿನಕಾಯಿ ಭರಣಿ. ಕಾಲಿಡ್ಲಿಕ್ಕೆ ಜಾಗ ಇರೋದಿಲ್ಲ."

ಅವರ ಮುಖ ಅರಳಿದ್ದನ್ನು ಈಗಲೂ ಕಾಣಬಲ್ಲೆ. "ಡಿಕ್ಕಿ ತುಂಬಿದ್ರೆ ಸುಮ್ಮನೆ, ಖಾಲಿಯಾದ್ರೆ ಗಲಾಟೆ! ಟೀಚರೇ, ಕೆಳಗಿನದ್ದು ಹಾಳಾಗಿದ್ರೆ ಭಾರ ಹೇರಿದಾಗ ಜೋರಾಗ್ಬೇಕಿತ್ತು. ಇದು ಕೆಳಗಿನದ್ದಲ್ಲ. ಒಳಗಿನದ್ದು. ಶನಿವಾರ ಗಾಡಿ ತನ್ನಿ. ಡಿಕ್ಕಿ ಪೂರ್ತಿ ಖಾಲಿ ಮಾಡ್ಕೊಂಡು ತನ್ನಿ."

ಅದು ಕೊಳ್ಳುವವರು ಬರುವ ಭಾನುವಾರದ ಹಿಂದಿನ ಶನಿವಾರವೇ ಆಗಿತ್ತು. ಡಿಕ್ಕಿಯಿಂದ ಕೊಡೆ, ಹಳೇ ಚಪ್ಪಲಿ, ಮಗಳ ಬ್ಯಾಡ್ಮಿಂಟನ್ ರ್ಯಾಕೆಟ್ಟು, ನೀರಿನ ಕ್ಯಾನು ಎಲ್ಲ ತೆಗೆದೆ. ದಿನಗೂಲಿಯ ಡ್ರೈವರನ್ನು ಕರೆದು ಅವನ ಪಕ್ಕದಲ್ಲಿ ಕೂತು ಆಲುವಕ್ಕೆ ಹೋದೆ. ಆಶಾನ್ ಮೊದಲು ಮಾಡಿದ ಕೆಲಸವೆಂದರೆ ಆ ಡ್ರೈವರನ್ನು ಚಾಯ ಕುಡಿಯಲು ಕಳಿಸಿದ್ದು.

"ಓಡಿಸೋದು ಯಾರು ಹಾಗಾದ್ರೆ? ನೀವಾ?" ಎಂದೆ.

"ನಾನು ಓಡಿಸಿದ್ರೆ ನನ್ನ ಶಬ್ದ ಬರ್ತದೆ, ನಿಮ್ಮದು ಬರೋದಿಲ್ಲ. ಗಾಡಿ ಯಾರದ್ದೋ ಅವರೇ ಓಡಿಸ್ಬೇಕು. ನಲವತ್ತು ವರ್ಷದಿಂದ ನನ್ನದು ಅದೇ ಕ್ರಮ."

"ನಾನು ಎರಡು ತಿಂಗಳಿಂದ ಮುಟ್ಟಿಲ್ಲ ಆಶಾನೇ. ನನ್ನಿಂದ ಆಗೋದಿಲ್ಲ. ನಾಳೆ ಮಾರ್ತಾ ಇದ್ದೇನೆ."

"ಮಾರಿ. ಇವತ್ತು ಓಡಿಸಿ."

ಹಾಗೆಂದವರೇ ಹಿಂದಿನ ಸೀಟನ್ನು ಮಡಚಿ, ಒಂದು ಗೋಣಿ ಹಾಸಿ, ಡಿಕ್ಕಿಯ ಕಡೆ ತಲೆ ಮಾಡಿ ಮಲಗಿಬಿಟ್ಟರು! ಅಯ್ಯೋ ದೇವರೇ, ಈ ಮುದುಕರು ಒಳಗೆ ಹೊರಳಾಡಿ ಏನಾದರೂ ಮಾಡಿಕೊಂಡರೆ ಯಾರು ಉತ್ತರ ಹೇಳುವುದು ಅಂತ ನನಗೆ ಗಾಬರಿ. ಹೇಗೋ ಕೀಲಿ ತಿರುಗಿಸಿದೆ. ಹೊಳೆಯ ಬದಿಯ ರಸ್ತೆಗೆ ಇಳಿಸಿದೆ. ಮೊದಲ ಹಂಪು. ಡೊಕ್.

"ಇನ್ನೊಮ್ಮೆ" ಎಂದು ಹಿಂದಿನಿಂದ ಅಪ್ಪಣೆಯಾಯಿತು.

ತಿರುಗಿಸಿ ತಂದೆ. ಡೊಕ್. "ಇನ್ನೊಮ್ಮೆ. ಸ್ವಲ್ಪ ಬೇಗ." ಮತ್ತೆ. "ಈಗ ಮೆಲ್ಲಗೆ." ಮತ್ತೆ. "ಬ್ರೇಕ್ ಯಾಕೆ ಒತ್ತಿದ್ರಿ? ನಾನು ಹೇಳಿದ್ನಾ?" ಆರನೇ ಸಲಕ್ಕೆ ನನಗೆ ರೇಗಿತು. ರಸ್ತೆ ಬದಿಯ ಮೀನಿನವಳು ಬುಟ್ಟಿ ಬಿಟ್ಟು ನಮ್ಮನ್ನೇ ನೋಡುತ್ತಿದ್ದಾಳೆ, ಒಂದೇ ಹಂಪಿನ ಮೇಲೆ ಹೋಗುವ ಬರುವ ಈ ಹೆಂಗಸಿಗೆ ಏನಾಗಿದೆ ಅಂತ. ಹತ್ತನೇ ಸಲ ನಾನು ಒಂದೇ ಕೈಯಲ್ಲಿ ಕಾರು ತಿರುಗಿಸುತ್ತ, "ಇನ್ನೆಷ್ಟು ಸಲ ಆಶಾನೇ, ನನಗೆ ಬೇರೆ ಕೆಲಸ ಇಲ್ವಾ?" ಅಂತ ಜಗಳಕ್ಕೇ ನಿಂತಿದ್ದೆ. ಹೆದರಿಕೆ ಯಾವಾಗ ಬಿಟ್ಟಿತೋ ನನಗೇ ತಿಳಿಯದು.

"ನಿಲ್ಸಿ" ಎಂದರು ಆಶಾನ್. "ಸಿಕ್ಕಿತು. ಶೆಡ್ಡಿಗೆ ಬಿಡಿ."

ಶೆಡ್ಡಿಗೆ ಬಂದ ಮೇಲೆ ಅವರು ಸೀದಾ ನಲ್ಲಿಯ ಹತ್ತಿರ ಹೋಗಿ ಮೊದಲು ಸೀಮೆಎಣ್ಣೆಯಲ್ಲಿ, ಆಮೇಲೆ ಸಾಬೂನಿನಲ್ಲಿ ಕೈ ತೊಳೆದು ಒರೆಸಿಕೊಂಡರು. ಇದೆಂಥ ಮಡಿ ಅಂತ ನಾನು ನೋಡುತ್ತಿದ್ದೆ. ಬಂದು, ಡಿಕ್ಕಿಯ ಎಡಗೋಡೆಯಲ್ಲಿ ಜ್ಯಾಕ್ ಇಡುವ ಗೂಡಿನ ಮುಚ್ಚಳವನ್ನು ಮಾತ್ರ ತೆಗೆದು ಹಿಂದೆ ಸರಿದರು. "ಡಿಕ್ಕಿ ಖಾಲಿ ಮಾಡಿದೆ ಅಂದ್ರಲ್ಲ ಟೀಚರೇ?"

"ಮಾಡಿದ್ದೇನಲ್ಲ. ಒಂದು ಕಡ್ಡಿಯೂ ಇಲ್ಲ."

"ಇದು?"

ಬಗ್ಗಿ ನೋಡಿದೆ. ಜ್ಯಾಕಿನ ಹಿಂದೆ, ಕೆಂಪು ಬಟ್ಟೆಯಲ್ಲಿ ಸುತ್ತಿ, ಅರಶಿನ ಕುಂಕುಮ ಹಚ್ಚಿ ಇಟ್ಟಿದ್ದ ತೆಂಗಿನಕಾಯಿ. ಕಾರಿನ ಪೂಜೆಯ ದಿನ ನನ್ನ ಅಮ್ಮ ಅಲ್ಲಿಟ್ಟಿದ್ದು. ನನಗೆ ಗೊತ್ತಿಲ್ಲದ ವಿಷಯವೇನಲ್ಲ! ಆ ದಿನ ಬೆಳಿಗ್ಗೆಯೇ ಡಿಕ್ಕಿ ಖಾಲಿ ಮಾಡುವಾಗ ಅದನ್ನು ಕಂಡು, ಕಣ್ಣಿಗೊತ್ತಿಕೊಂಡು, ಮತ್ತೆ ಭದ್ರವಾಗಿ ಒಳಗೆ ತುರುಕಿದವಳೇ ನಾನು. ಅದೊಂದು ವಸ್ತು ಅಂತ ನನ್ನ ತಲೆಗೆ ಹೋಗಲೇ ಇಲ್ಲ.

"ಅದು ದೇವರದ್ದು" ಎಂದೆ.

"ದೇವರದ್ದೇ. ಅದಕ್ಕೇ ನಾನು ಮುಟ್ಟೋದಿಲ್ಲ, ನೀವೇ ತೆಗೀರಿ. ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ."

ಅಲ್ಲಾಡಿಸಿದೆ. ಡೊಕ್.

ಎಂಟು ತಿಂಗಳು ಬಿಸಿಲಿಗೆ ನಿಂತ ಕಾರಿನೊಳಗೆ ನೀರು ಆರಿ, ತಿರುಳು ಒಣಗಿ ಚಿಪ್ಪು ಬಿಟ್ಟು ಗೋಟುಕಾಯಿ ಆಗಿಬಿಟ್ಟಿತ್ತು. ಹೊರಗೆ ಚಿಪ್ಪು ಗಟ್ಟಿಯಾಗಿ ಕೂತಿದೆ, ಒಳಗೆ ಕೊಬ್ಬರಿಯ ಉಂಡೆ ಕುಣಿಯುತ್ತಿದೆ. ಸುತ್ತ ಪ್ಲಾಸ್ಟಿಕ್ಕಿನ ಪೊಳ್ಳು ಗೂಡು, ಸದ್ದು ಎರಡರಷ್ಟಾಗದೆ ಇರುತ್ತದೆಯೇ? ಡಿಕ್ಕಿ ತುಂಬಿದಾಗ ಅಕ್ಕಿಯ ಚೀಲ ಒತ್ತಿಕೊಂಡು ಸದ್ದನ್ನೆಲ್ಲ ನುಂಗುತ್ತಿತ್ತು.

ನಾನು ಬೆಂಚಿನ ಮೇಲೆ ಕೂತು ನಕ್ಕೆ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಆಶಾನ್ ನಗಲಿಲ್ಲ. "ಸರ್ವಿಸಿನ ಹುಡುಗರು ದಡ್ಡರಲ್ಲ ಟೀಚರೇ. ಅವರೂ ನೋಡಿರ್ತಾರೆ. ಆದ್ರೆ ಇನ್ನೊಬ್ಬರ ದೇವರನ್ನು ಯಾರು ಅಲ್ಲಾಡಿಸಿ ನೋಡ್ತಾರೆ?" ಎಂದರು. ಅದೂ ಸರಿಯೇ. ಆಮೇಲೆ ಫೋನ್ ಮಾಡಿ ಕೇಳಿದಾಗ ಸರ್ವಿಸ್ ಸೆಂಟರಿನವರು, "ಹೌದು ಮೇಡಂ, ಮೂರು ಸಲವೂ ಕಂಡಿತ್ತು. ಪೂಜೆಯದ್ದಲ್ವಾ, ಜಾಗ್ರತೆಯಾಗಿ ವಾಪಸು ಇಟ್ಟೆವು" ಅಂದರು. ನನಗಿಂತ ಅವರಿಗೇ ಭಕ್ತಿ ಹೆಚ್ಚು!

ಆದರೆ ಆ ಹೊತ್ತಿಗೆ ನನ್ನ ಚಿಂತೆಯೇ ಬೇರೆ. ಅಮ್ಮ ಇಟ್ಟದ್ದನ್ನು ತೆಗೆದೆನಲ್ಲ, ಏನಾದರೂ ಆದರೆ? ಅಲ್ಲಿಂದಲೇ ಕಾಸರಗೋಡಿಗೆ ಫೋನ್ ಹಚ್ಚಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು ಹೇಳಿದಳು: "ಗೋಟಾಯ್ತಾ? ಕೊಳೀಲಿಲ್ಲ ಅಲ್ಲ, ಒಳ್ಳೇದೇ ಆಯ್ತು. ಅದನ್ನು ಇಟ್ಟದ್ದು ನಿನ್ನನ್ನು ಕಾಯ್ಲಿಕ್ಕೆ ಮಗಳೇ, ಹೆದರಿಸ್ಲಿಕ್ಕೆ ಅಲ್ಲ. ಒಡೆದು ಮಿಠಾಯಿ ಮಾಡು. ಹುಡುಕಿ ಕೊಟ್ಟವರಿಗೆ ಮೊದಲು ಕೊಡು."

ಆಶಾನ್ ಡ್ರೈವರನ್ನು ಮತ್ತೆ ಕರೆಯಲೇ ಇಲ್ಲ. ಅವನನ್ನು ಬಸ್ಸಿಗೆ ಕಳಿಸಿಯಾಗಿತ್ತಂತೆ. "ದಾರಿ ಗೊತ್ತುಂಟಲ್ಲ?" ಎಂದು ನನ್ನನ್ನು ಕೇಳಿ, ಇನ್ನೊಂದು ಕಾರಿನ ಕೆಳಗೆ ತೂರಿಕೊಂಡರು. ಕಾಕ್ಕನಾಡಿಗೆ ನಾನೇ ಓಡಿಸಿಕೊಂಡು ಬಂದೆ. ಹಂಪುಗಳ ಮೇಲೆ ಬೇಕೆಂದೇ ಬೇಗ ಹೋದೆ. ನಮ್ಮವರಿಗೆ ಫೋನ್ ಮಾಡಿ, ನಾಳೆ ಯಾರೂ ಬರುವುದು ಬೇಡ, ಕಾರು ಮಾರುವುದಿಲ್ಲ ಎಂದೆ. ಅವರು, "ಸರಿ, ಆದ್ರೆ ಕೊಲ್ಲಂ ತನಕ ನಾನು ಬರ್ತೇನೆ" ಎಂದರು. ಹಾಗೇ ಆಯಿತು. ಮುಂದಿನ ವರ್ಷಗಳಲ್ಲಿಯೂ ಕೊಲ್ಲಂನಿಂದಾಚೆ ಅವರೇ. ನಾನೂ ಬೇಡವೆನ್ನಲಿಲ್ಲ. ಧೈರ್ಯ ಅರ್ಧ ದಾರಿಯ ತನಕ ಬಂದು ಅಲ್ಲೇ ಕೂತುಬಿಟ್ಟಿತ್ತು.

ಕೊಬ್ಬರಿ ಮಿಠಾಯಿಯನ್ನು ಮುಂದಿನ ವಾರ ಆಶಾನಿಗೆ ಒಯ್ದು ಕೊಟ್ಟೆ. ಎರಡು ತಿಂದು, ಉಳಿದದ್ದನ್ನು ಮನೆಗೆಂದು ಕಾಗದದಲ್ಲಿ ಕಟ್ಟಿ ಯೇಸುವಿನ ಪಟದ ಹತ್ತಿರ ಇಟ್ಟರು. ಆಮೇಲೆ ಕಾರಿಗೆ ಏನಾದರೂ ಅವರ ಹತ್ತಿರವೇ. ಏನೂ ಆಗದಿದ್ದರೂ ಹೋಗುತ್ತಿದ್ದೆ, ಸುಳ್ಳು ಹೇಳುವುದೇಕೆ? ಆ ಬೆಂಚಿನ ಮೇಲೆ ಅರ್ಧ ತಾಸು ಕೂತರೆ ನನಗೆ ಸಮಾಧಾನ. ಶೆಡ್ಡಿನಲ್ಲಿ ರೇಡಿಯೋ ಇರಲಿಲ್ಲ. ಯಾರಾದರೂ ಮೊಬೈಲಿನಲ್ಲಿ ಹಾಡು ಹಾಕಿದರೆ, "ಹಾಡು ಮುಗಿದ ಮೇಲೆ ಹೇಳಿ, ಆಗ ಬರ್ತೇನೆ" ಅಂತ ಎದ್ದು ಹೋಗಿ ಹೊಳೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಕಾರಿನೊಳಗೆ ಜೋರಾಗಿ ಹಾಡು ಹಾಕಿಕೊಂಡು ಬರುವವರಿಗೆ ಬೈಗುಳ ಬೇರೆಯೇ: "ನೀವು ಕೇಳದಿದ್ರೆ ಗಾಡಿ ಯಾರ ಹತ್ತಿರ ಹೇಳ್ಕೊಳ್ಬೇಕು?"

ಅವರೇನು ಸರ್ವಜ್ಞರಲ್ಲ. ಒಂದು ಸಲ ಎಂಜಿನ್ನಿನ ಕಡೆಯಿಂದ ಕೀಚು ಸದ್ದು ಬರುತ್ತಿದೆಯೆಂದು ಹೋದಾಗ ಬೆಲ್ಟು ಅಂದರು, ಬದಲಿಸಿದರು, ಸದ್ದು ಹೋಯಿತು. ಮೂರು ದಿನ ಬಿಟ್ಟು ಅವರೇ ಫೋನ್ ಮಾಡಿದರು. "ಟೀಚರೇ, ನಾನು ತಪ್ಪು ಹೇಳಿದೆ. ಅದು ಬೆಲ್ಟಲ್ಲ, ಅದರ ಪಕ್ಕದ ಚಕ್ರ. ಈಗ ಸುಮ್ಮನಿರಬಹುದು, ತಿಂಗಳೊಳಗೆ ಮತ್ತೆ ಕೂಗ್ತದೆ. ಮೂರು ದಿನದಿಂದ ಊಟ ಸೇರ್ತಾ ಇಲ್ಲ. ಗಾಡಿ ತನ್ನಿ." ನಾನು ಕೇಳಿರಲಿಲ್ಲ, ದೂರಿರಲಿಲ್ಲ. ನನ್ನ ಕೆಲಸದಲ್ಲಿ ತಪ್ಪು ಕಂಡರೆ ಯಾರೂ ಗಮನಿಸದಿರಲಿ ಅಂತ ಹಾರೈಸುವವಳು ನಾನು. ಆ ಫೋನು ಬಂದ ದಿನದಿಂದ ನನಗೂ ಸ್ವಲ್ಪ ನಾಚಿಕೆ ಬಂದಿದೆ, ತಪ್ಪು ಕಂಡರೆ ನಾನೇ ಹೋಗಿ ಹೇಳುತ್ತೇನೆ.

ಮೊಣಕಾಲು ಕೈಕೊಟ್ಟ ಮೇಲೆ ವರ್ಕ್‌ಶಾಪು ಮುಚ್ಚಿ, ಹೆಂಡತಿಯೊಂದಿಗೆ ತಿರುವನಂತಪುರದ ಪಕ್ಕದ ವಿಳಿಂಜದಲ್ಲಿರುವ ಮಗಳ ಮನೆಗೆ ಹೋದರು. ಅಲ್ಲಿ ಹೊಸ ಬಂದರಿಗೆ ಹೋಗುವ ಲಾರಿಗಳೆಲ್ಲ ಮನೆಯ ಮುಂದಿನಿಂದಲೇ ಸಾಗುವುದು. ಅವರಿಗೆ ಹಬ್ಬ! ಫೋನಿನಲ್ಲಿ ಅದೇ ಸುದ್ದಿ. ದಿನಾ ಬೆಳಿಗ್ಗೆ ಹೋಗುವ ಒಂದು ಲಾರಿಯ ಹಿಂದಿನ ಚಕ್ರದ ಬೇರಿಂಗು ಅಳುತ್ತಿದೆಯಂತೆ. ಇವರು ಗೇಟಿನ ಹತ್ತಿರ ಕುರ್ಚಿ ಹಾಕಿ ಕೂತು ಕೈ ಬೀಸುತ್ತಾರೆ, ಡ್ರೈವರು ಅಜ್ಜ ಟಾಟಾ ಮಾಡುತ್ತಿದ್ದಾರೆಂದುಕೊಂಡು ತಿರುಗಿ ಕೈ ಬೀಸಿ ಹೋಗುತ್ತಾನೆ. ಒಂಬತ್ತನೇ ದಿನ ಇವರು ಊರುಗೋಲು ಹಿಡಿದು ರಸ್ತೆಯ ಮಧ್ಯ ನಿಂತರು. ಲಾರಿ ನಿಲ್ಲಿಸಿದ ಡ್ರೈವರು ಇಳಿದು, ಚಕ್ರದ ನಡುವಿಗೆ ಕೈಯಿಟ್ಟು, ಸುಟ್ಟುಕೊಂಡು, ಇವರ ಕಾಲು ಹಿಡಿದನಂತೆ. "ಕಾಲು ಬಿಡು, ಚಕ್ರ ಹಿಡಿ ಅಂದೆ" ಎಂದು ಹೇಳಿ ಮಗುವಿನ ಹಾಗೆ ನಕ್ಕರು. ನಾನು ತಿರುವನಂತಪುರಕ್ಕೆ ಹೋದಾಗಲೆಲ್ಲ ವಿಳಿಂಜಕ್ಕೂ ಒಂದು ಸುತ್ತು ಹೋಗಿ ಬರುವುದಿತ್ತು. ಪ್ರತಿ ಸಲವೂ ಕಾರಿನ ಕಡೆ ನೋಡಿ ಕೇಳುವರು, "ಪೂರ್ತಿ ನೀವೇ ಓಡಿಸಿದ್ರಾ?" ನಾನು, "ಕೊಲ್ಲಂ ತನಕ" ಎನ್ನುವೆ. ಅವರು ತಲೆಯಾಡಿಸುವರು.

ಹೋದ ವರ್ಷ ಒಂದು ಬುಧವಾರ ಬೆಳಿಗ್ಗೆ ಅವರ ಹೆಂಡತಿಯ ಫೋನು ಬಂತು. ನಿದ್ದೆಯಲ್ಲೇ ಹೋದರಂತೆ, ಏನೂ ನೋವಾಗಲಿಲ್ಲವಂತೆ, ಸಂಜೆ ನಾಲ್ಕಕ್ಕೆ ಇಗರ್ಜಿಗೆ ಒಯ್ಯುವುದಂತೆ. ನಾನು ನಮ್ಮವರಿಗೆ ಹೇಳಿದೆ. "ನೀನು ರೈಲಿಗೆ ಬಾ, ನಾನು ಸ್ಟೇಷನ್ನಿಗೆ ಬರ್ತೇನೆ" ಎಂದರು. ರೈಲು ನೋಡಿದರೆ ನಾಲ್ಕರೊಳಗೆ ಮುಟ್ಟಿಸುವ ಒಂದರಲ್ಲೂ ಸೀಟಿಲ್ಲ. "ಹಾಗಾದ್ರೆ ಕೊಲ್ಲಂಗೆ ನಾನು..." ಎಂದರು. "ಬೇಡ. ನೀವು ಸೀದಾ ವಿಳಿಂಜಕ್ಕೇ ಹೋಗಿ. ನಾನು ಬರ್ತೇನೆ" ಎಂದೆ.

ಮಗಳನ್ನು ಶಾಲೆಗೆ ಬಿಟ್ಟು, ಪಕ್ಕದ ಮನೆಯವರಿಗೆ ಹೇಳಿ ಹೊರಟೆ. ಆಲಪ್ಪುಳ ಬಂತು, ಹೋಯಿತು. ಕೊಲ್ಲಂ ಬಂತು. ಬಸ್‌ ಸ್ಟ್ಯಾಂಡಿನ ಹತ್ತಿರ ಕಾಲು ತಾನಾಗಿ ಬ್ರೇಕ್ ಕಡೆ ಹೋಯಿತು, ತೆಗೆದೆ. ಅಲ್ಲಿಂದ ಮುಂದಿನ ದಾರಿಯಲ್ಲಿ ಯಾವ ಸದ್ದೂ ಬರಲಿಲ್ಲ. ನಾನು ಕೇಳುತ್ತಲೇ ಇದ್ದೆ.

ಮೂರೂಕಾಲಕ್ಕೆ ವಿಳಿಂಜ ಮುಟ್ಟಿದೆ. ಅಂಗಳದಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿಗಳು. ನಮ್ಮವರು ಆಗಲೇ ಬಂದು ಗೇಟಿನ ಹತ್ತಿರ ನಿಂತಿದ್ದರು. ಆಶಾನ್ ಬಿಳಿ ಅಂಗಿ ತೊಟ್ಟು, ಪೆಟ್ಟಿಗೆಯೊಳಗೆ, ಎಂದೂ ಅಷ್ಟು ಶುಭ್ರವಾಗಿ ಕಂಡವರಲ್ಲ. ಹೆಂಡತಿ ತಲೆಯ ಹತ್ತಿರ ಕೂತಿದ್ದರು. ನನ್ನನ್ನು ಕಂಡು ಕೈ ಹಿಡಿದುಕೊಂಡರು.

"ಯಾರ ಜೊತೆ ಬಂದ್ರಿ ಟೀಚರೇ?"

"ಒಬ್ಬಳೇ ಚೇಚಿ. ಕೊಚ್ಚಿಯಿಂದ ಓಡಿಸ್ಕೊಂಡು."

ಅವರು ನನ್ನ ಕೈ ಬಿಟ್ಟು ಗಂಡನ ಕಡೆ ಬಗ್ಗಿದರು. ಮನೆಯೊಳಗಿಂದ ಹೊರಗಿದ್ದವರಿಗೆ ಸುದ್ದಿ ಹೇಳುವ ಹಾಗೆ, ಸ್ವಲ್ಪ ಜೋರಾಗಿಯೇ ಹೇಳಿದರು: "ಕೇಳಿದ್ರಾ? ಟೀಚರ್ ಬಂದಿದ್ದಾರೆ. ಪೂರ್ತಿ ಅವರೇ ಓಡಿಸ್ಕೊಂಡು ಬಂದ್ರಂತೆ."